ಹೊಸ ಕಂಪ್ಯೂಟರ್ ತಂದರೆ ಕರೆಂಟು ಉಳಿಯುವುದೇ, ಕೋಣೆಯ ಝಳ ಇಳಿಯುವುದೇ? ಮನೆಯಲ್ಲೇ ಅಳೆದು ತೀರ್ಮಾನಿಸುವ ಕ್ರಮ

ವಿಜಯಪುರದಲ್ಲಿ ಏಪ್ರಿಲ್ ಕಾಲಿಟ್ಟು ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿತೆಂದರೆ, ಆರ್‌ಸಿಸಿ ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿಕೊಂಡು ಕುಳಿತವರಿಗೆ ಅದರ ಹಿಂಬದಿಯಿಂದ ಬರುವ ಬಿಸಿಗಾಳಿಯೂ ವೈರಿಯಂತೆ ಕಾಣತೊಡಗುತ್ತದೆ. ಅಂಗಡಿಗೆ ಹೋಗಿ ವಿಚಾರಿಸಿದರೆ, "ಹೊಸಾದು ಕರೆಂಟ್ ಭಾಳ ಕಡಿಮಿ ತಿಂತೈತ್ರಿ, ಬಿಸೀನೂ ಆಗಂಗಿಲ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನೂ ಬದಲಿಸುವ ಯೋಚನೆ ಅನೇಕ ಮನೆಗಳಲ್ಲಿ ಹುಟ್ಟಿದೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಮನೆಗೂ ಹೊಂದುವ ಮಾತೂ ಅಲ್ಲ. ಹಳೆಯ ಡೆಸ್ಕ್‌ಟಾಪ್ ಹೋಗಿ ಲ್ಯಾಪ್‌ಟಾಪ್ ಅಥವಾ ಮಿನಿ ಪಿಸಿ (ಪುಟ್ಟ ಡಬ್ಬಿಯಷ್ಟೇ ಇರುವ ಡೆಸ್ಕ್‌ಟಾಪ್) ಬಂದರೆ ಯೂನಿಟ್ಟೂ ಇಳಿಯುತ್ತದೆ, ಝಳವೂ ಇಳಿಯುತ್ತದೆ. ಐದಾರು ವರ್ಷದ ಲ್ಯಾಪ್‌ಟಾಪ್ ಹೋಗಿ ಹೊಸ ಲ್ಯಾಪ್‌ಟಾಪ್ ಬಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಟೈಪಿಂಗ್, ಲೆಕ್ಕಪತ್ರಕ್ಕೆಂದು ಇದ್ದ ಡೆಸ್ಕ್‌ಟಾಪ್ ಹೋಗಿ ದೊಡ್ಡ ಗ್ರಾಫಿಕ್ಸ್ ಕಾರ್ಡಿನ (ಗೇಮು, ವಿಡಿಯೊಗಳ ಚಿತ್ರ ಮೂಡಿಸುವ ಭಾಗ) ಡೆಸ್ಕ್‌ಟಾಪ್ ಬಂದರೆ ಬಿಲ್ಲು ಏರುತ್ತದೆ. ನಿಮ್ಮದು ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳಬಹುದು. ಅದಕ್ಕೆ ಬೇಕಾದ ಸಲಕರಣೆ ಹೆಸ್ಕಾಂನವರು ಈಗಾಗಲೇ ನಿಮ್ಮ ಮನೆಯ ಗೋಡೆಗೆ ಹಾಕಿ ಹೋಗಿದ್ದಾರೆ.

ಮೊದಲ ಹಂತ: ಮೀಟರಿನ ದೀಪ ಎಣಿಸುವುದು

ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿಣುಕುವ ಒಂದು ಕೆಂಪು ದೀಪ ಇರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬ ಸಂಖ್ಯೆ ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು ಬಹುಮಟ್ಟಿಗೆ 3200, ಕೆಲವು ಮೀಟರುಗಳಲ್ಲಿ 1600. ಮನೆಯ ಉಳಿದೆಲ್ಲ ಉಪಕರಣಗಳನ್ನು ಆರಿಸಿ, ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ ನಡೆಯುವಂತೆ ಮಾಡಿ, ಐದು ನಿಮಿಷಗಳಲ್ಲಿ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಬೇಕು. ಮೀಟರ್ 3200ರದ್ದಾದರೆ ಆ ಎಣಿಕೆಯನ್ನು 3.75ರಿಂದ, 1600ರದ್ದಾದರೆ 7.5ರಿಂದ ಗುಣಿಸಿದರೆ ಬರುವುದೇ ವ್ಯಾಟ್. 3200ರ ಮೀಟರಿನಲ್ಲಿ 32 ಮಿಣುಕು ಬಂದರೆ ನಿಮ್ಮ ಕಂಪ್ಯೂಟರ್ 120 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಎಂಟೇ ಬಂದರೆ 30 ವ್ಯಾಟ್.

ಈ ಕೆಲಸಕ್ಕೆ ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಮೀಟರಿನ ಮುಂದೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಒಳಗೆ ದಿನನಿತ್ಯದ ಕೆಲಸವನ್ನೇ ಮಾಡುತ್ತಿರಬೇಕು. ಪಡಸಾಲೆಯಿಂದ "ಫ್ಯಾನ್ ಯಾರು ಬಂದ್ ಮಾಡಿದ್ರೋ?" ಎಂಬ ಕೂಗು ಬಂದೇ ಬರುತ್ತದೆ, ಆದ್ದರಿಂದ ಮುಂಜಾನೆಯ ತಂಪು ಹೊತ್ತನ್ನು ಆರಿಸಿಕೊಳ್ಳಿ.

ಇನ್ವರ್ಟರ್ ಇರುವ ಮನೆಗಳಲ್ಲಿ ಒಂದು ತೊಡಕಿದೆ. ಇನ್ವರ್ಟರ್ ಸದಾ ಬ್ಯಾಟರಿ ಚಾರ್ಜ್ ಮಾಡುತ್ತಿರುವುದರಿಂದ ಎಣಿಕೆ ಕೆಡುತ್ತದೆ. ಹಾಗೆಂದು ಅದರ ಮೇನ್ಸ್ ಪ್ಲಗ್ ಕಿತ್ತರೆ, ಇನ್ವರ್ಟರ್ ಲೈನಿಗೆ ಸೇರಿದ ಬೋರ್ಡುಗಳೆಲ್ಲ ಬ್ಯಾಟರಿಯಿಂದ ನಡೆಯತೊಡಗಿ ಮೀಟರಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಇನ್ವರ್ಟರಿನ ಪ್ಲಗ್ ತೆಗೆದು, ಕಂಪ್ಯೂಟರನ್ನು ಇನ್ವರ್ಟರ್ ಲೈನಿಗೆ ಸೇರದ ಪಾಯಿಂಟಿಗೆ, ಉದಾಹರಣೆಗೆ ಫ್ರಿಜ್ ಅಥವಾ ಮಿಕ್ಸರ್ ಹಾಕುವ ಪಾಯಿಂಟಿಗೆ, ಎಕ್ಸ್‌ಟೆನ್ಷನ್ ವೈರಿನಿಂದ ಸೇರಿಸಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿದ ಮೇಲೆಯೇ ಎಣಿಸಿ, ಇಲ್ಲದಿದ್ದರೆ ಚಾರ್ಜಿಂಗ್‌ನ ಲೆಕ್ಕವೂ ಅದರಲ್ಲೇ ಸೇರಿಬಿಡುತ್ತದೆ. ಕಂಪ್ಯೂಟರನ್ನೂ ಆರಿಸಿದಾಗ ದೀಪ ಮಿಣುಕುವುದು ನಿಂತರೆ ನಿಮ್ಮ ಎಣಿಕೆ ಸರಿಯಾಗಿದೆ. ನಿಲ್ಲದಿದ್ದರೆ ಎಲ್ಲೋ ಏನೋ ನಡೆಯುತ್ತಿದೆ, ಹುಡುಕಿ ಆರಿಸಿ.

ಎರಡು ಸಲ ಅಳೆಯಿರಿ: ಯಂತ್ರ ಸುಮ್ಮನಿರುವಾಗ ಒಮ್ಮೆ, ನಿಮ್ಮ ಅತಿ ಭಾರವಾದ ಕೆಲಸ ನಡೆಯುತ್ತಿರುವಾಗ ಒಮ್ಮೆ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಕೈಗೆ ಸಿಕ್ಕರೆ ಈ ಕಸರತ್ತು ಬೇಕಿಲ್ಲ.

ಎರಡನೆಯ ಹಂತ: ಲೇಬಲ್ಲಿನ ಸಂಖ್ಯೆಯನ್ನು ಬಳಕೆ ಎಂದು ತಿಳಿಯದಿರುವುದು

450 ವ್ಯಾಟ್ ಎಂದು ಬರೆದ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಡೆಸ್ಕ್‌ಟಾಪಿನ ಒಳಭಾಗಗಳಿಗೆ ಹೊಂದುವಂತೆ ಮಾಡಿ ಕೊಡುವ ಪೆಟ್ಟಿಗೆ) ಅಷ್ಟು ಕೊಡಬಲ್ಲದು ಎಂದು ಅರ್ಥ, ಅಷ್ಟು ಎಳೆಯುತ್ತಿದೆ ಎಂದಲ್ಲ. ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರಿಗೂ ಇದೇ ಮಾತು. ಎಸ್‌ಎಂಪಿಎಸ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ದಕ್ಷತೆ. ಸ್ಥಳೀಯವಾಗಿ ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಎಸ್‌ಎಂಪಿಎಸ್‌ಗಳು ಗೋಡೆಯಿಂದ ಎಳೆದದ್ದರಲ್ಲಿ ಶೇಕಡಾ 70ರಷ್ಟನ್ನು ಮಾತ್ರ ಒಳಗೆ ದಾಟಿಸಿ, ಉಳಿದದ್ದನ್ನು ಅಲ್ಲೇ ಬಿಸಿಯಾಗಿ ಕಳೆಯುತ್ತಿದ್ದವು. 2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಪ್ರಮಾಣಪತ್ರ ಶೇಕಡಾ 80ಕ್ಕಿಂತ ಕಡಿಮೆಯಿಲ್ಲದ ದಕ್ಷತೆಯನ್ನು ಕೇಳುತ್ತದೆ. ಒಳಗಿನ ಭಾಗಗಳಿಗೆ 80 ವ್ಯಾಟ್ ಬೇಕೆಂದುಕೊಳ್ಳಿ: ಶೇಕಡಾ 70 ದಕ್ಷತೆಯದು ಗೋಡೆಯಿಂದ 114 ವ್ಯಾಟ್ ಎಳೆದರೆ, ಶೇಕಡಾ 85ರದು 94 ವ್ಯಾಟ್ ಎಳೆಯುತ್ತದೆ. ಇಡೀ ಕಂಪ್ಯೂಟರ್ ಬದಲಿಸದೆ ಇಷ್ಟು ಉಳಿಯುವ ದಾರಿಯೂ ಇದೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಮೂರನೆಯ ಹಂತ: ಹೊಸ ಯಂತ್ರದ ಉಳಿತಾಯ ಎಲ್ಲಿ ಅಡಗಿದೆ ಎಂದು ಅರಿಯುವುದು

ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರ್ ಎಳೆಯುವ ವಿದ್ಯುತ್ತು ಅದರ ವೇಗದ ಜೊತೆಗೆ, ಅದಕ್ಕೆ ಕೊಡುವ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೋಲ್ಟೇಜ್ ಅರ್ಧಕ್ಕಿಳಿದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತ ಹೋದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ಕೂರಿಸಿದರೂ ಬಿಸಿ ಏರುವುದಿಲ್ಲ ಎಂದು ಅಮೆರಿಕದ ಎಂಜಿನಿಯರ್ ರಾಬರ್ಟ್ ಡೆನಾರ್ಡ್ ಮತ್ತು ಅವರ ಜೊತೆಗಾರರು 1974ರಲ್ಲಿ ತೋರಿಸಿಕೊಟ್ಟರು. ಆ ದಾರಿಯಲ್ಲೇ ಪ್ರೊಸೆಸರ್ ವೋಲ್ಟೇಜ್ 5ರಿಂದ ಒಂದರ ಆಸುಪಾಸಿಗೆ ಇಳಿಯಿತು. 2005ರ ಹೊತ್ತಿಗೆ ಆ ದಾರಿ ಮುಚ್ಚಿತು. ವೋಲ್ಟೇಜ್ ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಆರಿಸಿದಾಗಲೂ ಕರೆಂಟು ಸೋರತೊಡಗುತ್ತಿತ್ತು. 2004ರಲ್ಲಿ ಬಂದ ಪ್ರೆಸ್ಕಾಟ್ ಮಾದರಿಯ ಪೆಂಟಿಯಂ 4ರಲ್ಲಿ ಕೆಲವು 115 ವ್ಯಾಟಿನ ವರ್ಗದವಾಗಿದ್ದು, ಬಿಸಿಗೆ ಹೆಸರುವಾಸಿಯಾದವು. 2006ರ ಕೋರ್ 2 ಡ್ಯುಯೊ 65 ವ್ಯಾಟಿಗೆ ಇಳಿದು ಅದಕ್ಕಿಂತ ಚುರುಕಾಗಿ ಓಡಿತು.

ಅಲ್ಲಿಂದ ಮುಂದೆ ಚಿಪ್ ತಯಾರಕರು ಹೆಚ್ಚಾಗಿ ಕೈಹಾಕಿದ್ದು ಬೇರೆ ಉಪಾಯಕ್ಕೆ: ಕೆಲಸವಿಲ್ಲದ ಭಾಗವನ್ನು ಕ್ಷಣಾರ್ಧದಲ್ಲಿ ಮಲಗಿಸುವುದು, ಬೇಕಾದಾಗ ಎಬ್ಬಿಸುವುದು. ನೀವು ಅರ್ಜಿ ಟೈಪ್ ಮಾಡುವಾಗ ಎರಡು ಅಕ್ಷರಗಳ ನಡುವೆಯೂ ಇಂದಿನ ಪ್ರೊಸೆಸರಿನ ಬಹುಭಾಗ ನಿದ್ದೆಯಲ್ಲಿರುತ್ತದೆ. ಆದ್ದರಿಂದ ಹೊಸ ಯಂತ್ರದ ಉಳಿತಾಯ ಮುಖ್ಯವಾಗಿ ಹಗುರ ಕೆಲಸದಲ್ಲಿ, ಸುಮ್ಮನಿರುವ ಹೊತ್ತಿನಲ್ಲಿ ಕಾಣುತ್ತದೆ. ಭಾರವಾದ ಕೆಲಸಕ್ಕೆ ಹಚ್ಚಿದರೆ ಕಥೆ ತಿರುವುಮುರುವಾಗಬಹುದು. 2022ರ ಕೋರ್ ಐ9-13900ಕೆ ಪ್ರೊಸೆಸರ್ ಪೂರ್ಣ ವೇಗದಲ್ಲಿ 253 ವ್ಯಾಟ್‌ವರೆಗೆ ಹೋಗಲು ಅನುಮತಿ ಪಡೆದದ್ದು. 2014ರ ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡಿಗೆ 60 ವ್ಯಾಟ್ ಸಾಕಾಗುತ್ತಿತ್ತು, 2022ರ ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್ ಬೇಕು. ಒಂದೊಂದು ಲೆಕ್ಕಕ್ಕೆ ತಗಲುವ ವಿದ್ಯುತ್ತು ಇಳಿದಿದೆ ನಿಜ, ಆದರೆ ಸೆಕೆಂಡಿಗೆ ಮಾಡಿಸುವ ಲೆಕ್ಕಗಳು ಅದಕ್ಕಿಂತ ಜೋರಾಗಿ ಏರಿವೆ. ಇದು ಹೊಸ ಸಂಗತಿಯಲ್ಲ: ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಯಂತ್ರಗಳು ಬಂದಮೇಲೆ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದರು.

ಈ ಹಿನ್ನೆಲೆಯಲ್ಲಿ ಅಂದಾಜುಗಳನ್ನು ಹೀಗೆ ಹಿಡಿಯಬಹುದು. ಗಾಜಿನ ದಪ್ಪ ಮಾನಿಟರಿನ ಪೆಂಟಿಯಂ ಕಾಲದ ಜೋಡಿ 150ರಿಂದ 200 ವ್ಯಾಟ್. ಹತ್ತು ಹದಿನೈದು ವರ್ಷದ ಸಾಮಾನ್ಯ ಡೆಸ್ಕ್‌ಟಾಪ್ ಮತ್ತು ಎಲ್‌ಸಿಡಿ 80ರಿಂದ 120. ಮಿನಿ ಪಿಸಿ ಮತ್ತು ಎಲ್‌ಇಡಿ ಮಾನಿಟರ್ 30ರಿಂದ 40. ಹಗುರ ಕೆಲಸದ ಲ್ಯಾಪ್‌ಟಾಪ್ 10ರಿಂದ 25. ಮದುವೆ ಅಲ್ಬಮ್ ಡಿಸೈನ್, ವಿಡಿಯೊ ಎಡಿಟಿಂಗ್ ಮಾಡುವವರ ಅಥವಾ ಗೇಮ್ ಆಡುವವರ ಹೊಸ ಡೆಸ್ಕ್‌ಟಾಪ್ ಕೆಲಸದ ವೇಳೆ 400 ವ್ಯಾಟ್ ದಾಟಬಲ್ಲದು. ಇಂಥ ಕೆಲಸದವರು ಒಂದು ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಮೊದಲು ನಾಲ್ಕು ತಾಸು ಹಿಡಿಯುತ್ತಿದ್ದ ವಿಡಿಯೊ ಈಗ ಅರ್ಧ ತಾಸಿನಲ್ಲಿ ಮುಗಿದರೆ, ವ್ಯಾಟ್ ಹೆಚ್ಚಿದ್ದರೂ ಯೂನಿಟ್ ಕಡಿಮೆಯಾಗುತ್ತದೆ. ಮಿಕ್ಕ ಹೊತ್ತಿನಲ್ಲಿ ಯಂತ್ರವನ್ನು ಆರಿಸುತ್ತೀರಾ, ಇನ್ನೂ ನಾಲ್ಕು ವಿಡಿಯೊ ಹಾಕುತ್ತೀರಾ ಎಂಬುದರ ಮೇಲೆ ಬಿಲ್ಲು ನಿಲ್ಲುತ್ತದೆ.

ನಾಲ್ಕನೆಯ ಹಂತ: ರೂಪಾಯಿಗೆ ಇಳಿಸುವುದು

ವ್ಯಾಟನ್ನು ದಿನದ ತಾಸುಗಳಿಂದಲೂ ಮೂವತ್ತರಿಂದಲೂ ಗುಣಿಸಿ ಸಾವಿರದಿಂದ ಭಾಗಿಸಿದರೆ ತಿಂಗಳ ಯೂನಿಟ್ ಸಿಗುತ್ತದೆ. 120 ವ್ಯಾಟಿನ ಡೆಸ್ಕ್‌ಟಾಪ್ ದಿನಕ್ಕೆ ಎಂಟು ತಾಸು ನಡೆದರೆ ಸುಮಾರು 29 ಯೂನಿಟ್, 20 ವ್ಯಾಟಿನ ಲ್ಯಾಪ್‌ಟಾಪ್ ಅಷ್ಟೇ ಹೊತ್ತು ನಡೆದರೆ ಐದು ಯೂನಿಟ್. ಉಳಿತಾಯ ತಿಂಗಳಿಗೆ 24 ಯೂನಿಟ್. ಲೆಕ್ಕದ ಸಲುವಾಗಿ ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,700 ರೂಪಾಯಿಯ ಆಸುಪಾಸು. 40 ಸಾವಿರದ ಲ್ಯಾಪ್‌ಟಾಪ್ ಈ ಉಳಿತಾಯದಿಂದ ತನ್ನ ಬೆಲೆಯನ್ನು ತೀರಿಸಬೇಕಾದರೆ ಇಪ್ಪತ್ತು ವರ್ಷ ದಾಟುತ್ತದೆ, ಅಷ್ಟು ಕಾಲ ಅದು ಬದುಕುವುದಿಲ್ಲ. ಹಳೆಯ ಮಾನಿಟರನ್ನೇ ಉಳಿಸಿಕೊಂಡು 15 ಸಾವಿರದ ಮಿನಿ ಪಿಸಿ ತಂದರೂ ಹತ್ತು ವರ್ಷ ಬೇಕು. ಬರೀ ಬಿಲ್ಲು ಇಳಿಸಲೆಂದು ಕಂಪ್ಯೂಟರ್ ಕೊಳ್ಳುವುದು ಲಾಭದ ವ್ಯವಹಾರವಲ್ಲ ಎಂಬುದೇ ನನ್ನ ಅಭಿಪ್ರಾಯ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಇರುವ ಮನೆಗಳಿಗೆ ಮಾತ್ರ ಲೆಕ್ಕ ಬೇರೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ, ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಮಿತಿಯನ್ನು ಗೊತ್ತುಮಾಡಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಹಣ, ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲು ನಿಮ್ಮದೇ. ಉಚಿತ ಮಿತಿ 190ರಷ್ಟಿದ್ದು, ಕೂಲರ್ ಹಗಲುರಾತ್ರಿ ನಡೆಯುವ ಮೇ ತಿಂಗಳಲ್ಲಿ 205 ಯೂನಿಟ್ಟಿಗೆ ಬಂದು ನಿಲ್ಲುವ ಮನೆಗೆ ಕಂಪ್ಯೂಟರಿನ 24 ಯೂನಿಟ್ ಎಂದರೆ 144 ರೂಪಾಯಿಯಲ್ಲ, ಸಾವಿರದ ಇನ್ನೂರಕ್ಕೂ ಮಿಕ್ಕ ಮೊತ್ತ. ಕಳೆದ ಬೇಸಿಗೆಯ ಬಿಲ್ಲುಗಳನ್ನು ತೆಗೆದು ನೋಡಿ, 180ರಿಂದ 220ರ ನಡುವೆ ಇದ್ದರೆ ಈ ಹಂತವನ್ನು ಎರಡು ಸಲ ಓದಿ.

ಅದೇ ಹೊತ್ತಿಗೆ ರೌಟರನ್ನೂ ಮರೆಯಬೇಡಿ. ಹತ್ತು ವ್ಯಾಟಿನ ರೌಟರ್ ಇಡೀ ದಿನ ನಡೆದರೆ ತಿಂಗಳಿಗೆ ಏಳು ಯೂನಿಟ್ ಆಗುತ್ತದೆ, ಮೇಲಿನ ಲ್ಯಾಪ್‌ಟಾಪಿಗಿಂತ ಹೆಚ್ಚು.

ಐದನೆಯ ಹಂತ: ಝಳದ ಲೆಕ್ಕ

ಕಂಪ್ಯೂಟರ್ ಎಳೆದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಸೇರುತ್ತದೆ. ಪರದೆಯ ಬೆಳಕು, ಫ್ಯಾನಿನ ಸದ್ದು ಕೂಡ ಗೋಡೆಗೆ ತಾಗಿ ಬಿಸಿಯಾಗಿಯೇ ಮುಗಿಯುತ್ತವೆ. ಆದ್ದರಿಂದ ಮೊದಲ ಹಂತದಲ್ಲಿ ಸಿಕ್ಕ ವ್ಯಾಟಿನ ಸಂಖ್ಯೆಯೇ ಝಳದ ಸಂಖ್ಯೆಯೂ ಹೌದು. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಹೊರಬರುತ್ತದೆ. 120 ವ್ಯಾಟಿನ ಡೆಸ್ಕ್‌ಟಾಪ್ ಹಚ್ಚಿದರೆ ಕೋಣೆಯಲ್ಲಿ ಇನ್ನೊಬ್ಬರು ಬಂದು ಕುಳಿತಂತೆ.

ಮುಟ್ಟಿ ನೋಡಿ ತೀರ್ಮಾನಿಸುವುದು ಮಾತ್ರ ಮೋಸ. ಲ್ಯಾಪ್‌ಟಾಪಿನ ಅಡಿ ಕೈಗೆ ಸುಡುತ್ತದೆ, ಡೆಸ್ಕ್‌ಟಾಪಿನ ಪೆಟ್ಟಿಗೆ ತಣ್ಣಗಿರುತ್ತದೆ. ಆದರೂ ಕೋಣೆಗೆ ಹೆಚ್ಚು ಬಿಸಿ ಸುರಿಯುತ್ತಿರುವುದು ಡೆಸ್ಕ್‌ಟಾಪೇ. ಚಿಕ್ಕ ಮೈಯಲ್ಲಿ ಕೂಡಿಕೊಂಡ 25 ವ್ಯಾಟ್ ಕೈಗೆ ತಾಗುತ್ತದೆ, ದೊಡ್ಡ ಪೆಟ್ಟಿಗೆಯಿಂದ ಗಾಳಿಯೊಡನೆ ಹೋಗುವ 120 ವ್ಯಾಟ್ ತಾಗುವುದಿಲ್ಲ. ಹಾಗೆಯೇ ಕ್ಯಾಬಿನೆಟ್ಟಿಗೆ ಇನ್ನೆರಡು ಫ್ಯಾನ್ ಕೂರಿಸಿದರೆ ಪ್ರೊಸೆಸರಿಗೆ ತಂಪಾಗುತ್ತದೆ, ಕೋಣೆಗೆ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಎಸಿ ಇರುವ ಕೋಣೆಯಲ್ಲಿ ಕಂಪ್ಯೂಟರಿನ ಪ್ರತಿ 100 ವ್ಯಾಟಿಗೆ ಆ ಬಿಸಿಯನ್ನು ಹೊರಹಾಕಲು ಎಸಿ ಸುಮಾರು 30 ವ್ಯಾಟ್ ಹೆಚ್ಚಿಗೆ ಎಳೆಯುತ್ತದೆ, ಆದ್ದರಿಂದ ಅಲ್ಲಿ ಉಳಿತಾಯವೂ ಅಷ್ಟು ಹೆಚ್ಚು.

ಮಾಳಿಗೆಯ ಸಂಗತಿ ಬೇರೆ. ಮಟಮಟ ಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಸಾವಿರ ವ್ಯಾಟಿನಷ್ಟು ಬಿಸಿಲು ಬೀಳುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮಾಳಿಗೆ ಹನ್ನೊಂದು ಚದರ ಮೀಟರ್. ಅದರಲ್ಲಿ ಸ್ಲ್ಯಾಬ್ ದಾಟಿ ಒಳಗಿಳಿಯುವುದು ಕೆಲವೇ ಪಾಲಾದರೂ ಅದೇ ಹಲವು ನೂರು ವ್ಯಾಟ್ ಆಗುತ್ತದೆ. ವಿಜಯಪುರ, ಬಾಗಲಕೋಟೆಯ ಆರ್‌ಸಿಸಿ ಮನೆಯವರು ಝಳಕ್ಕೆ ಬೇಸತ್ತು ಕಂಪ್ಯೂಟರ್ ಬದಲಿಸುವ ಮೊದಲು ಮಾಳಿಗೆಗೆ ಸುಣ್ಣ ಅಥವಾ ಬಿಳಿ ಕೂಲ್ ರೂಫ್ ಬಣ್ಣ ಹಚ್ಚಿಸುವುದು ಹೆಚ್ಚು ಫಲ ಕೊಡುತ್ತದೆ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಯವರಿಗೆ, ಬೆಳಗಾವಿಯ ತಂಪು ಹವೆಯಲ್ಲಿರುವವರಿಗೆ ಕಂಪ್ಯೂಟರಿನ ಬಿಸಿ ಅಷ್ಟಾಗಿ ಬಾಧಿಸುವುದಿಲ್ಲ. ಕಂಪ್ಯೂಟರಿನ ಪಾಲು ನಿಜವಾಗಿ ಗೊತ್ತಾಗುವುದು ರಾತ್ರಿ, ಹೊರಗೆ ತಂಪಾಗಿ ಒಳಗೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ. ಆಗ ಎದುರುಬದುರಿನ ಎರಡು ಕಿಟಕಿ ತೆರೆದಿಡುವುದು ಯಾವ ಹೊಸ ಪ್ರೊಸೆಸರಿಗೂ ಮಿಗಿಲು.

ಆರನೆಯ ಹಂತ: ಕರೆಂಟು ಹೋದಾಗ

ಹೊಸ ಯಂತ್ರದ ಅತಿ ಗಟ್ಟಿ ಲಾಭ ಇಲ್ಲಿದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಿಂದ, ನಷ್ಟಗಳನ್ನು ಕಳೆದು, ಸುಮಾರು 1,100 ವ್ಯಾಟ್-ಅವರ್ ಸಿಕ್ಕಿತೆಂದುಕೊಳ್ಳಿ. 120 ವ್ಯಾಟಿನ ಡೆಸ್ಕ್‌ಟಾಪ್ ಮತ್ತು 75 ವ್ಯಾಟಿನ ಹಳೆಯ ಸೀಲಿಂಗ್ ಫ್ಯಾನ್ ಸೇರಿ ಅದನ್ನು ಐದೂವರೆ ತಾಸಿನಲ್ಲಿ ಬರಿದು ಮಾಡುತ್ತವೆ. 20 ವ್ಯಾಟಿನ ಲ್ಯಾಪ್‌ಟಾಪ್ ಮತ್ತು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ) ಫ್ಯಾನ್ ಅದರಿಂದಲೇ ಇಪ್ಪತ್ತು ತಾಸಿಗೂ ಮೇಲ್ಪಟ್ಟು ನಡೆಯುತ್ತವೆ. ಬ್ಯಾಟರಿ ಹಳೆಯದಾದರೆ ಎರಡೂ ಕಡಿಮೆಯಾಗುತ್ತವೆ, ಆದರೆ ಅನುಪಾತ ಹಾಗೆಯೇ ಉಳಿಯುತ್ತದೆ. ಡೆಸ್ಕ್‌ಟಾಪಿಗೆಂದು ಇಟ್ಟ ಸಣ್ಣ ಯುಪಿಎಸ್ ಕೂಡ ಇಡೀ ದಿನ ಕೆಲವು ವ್ಯಾಟ್ ಎಳೆಯುತ್ತಿರುತ್ತದೆ, ಲ್ಯಾಪ್‌ಟಾಪ್ ಬಂದರೆ ಅದೂ ಬೇಡವಾಗುತ್ತದೆ.

ಏಳನೆಯ ಹಂತ: ಕೊಳ್ಳುವ ಮೊದಲು ಇದ್ದದ್ದನ್ನು ಸರಿಪಡಿಸುವುದು

ಹತ್ತು ನಿಮಿಷ ಮುಟ್ಟದಿದ್ದರೆ ಪರದೆ ಆರುವಂತೆ, ಇಪ್ಪತ್ತು ನಿಮಿಷಕ್ಕೆ ಸ್ಲೀಪ್ ಆಗುವಂತೆ ಹೊಂದಿಸಿ. ಸ್ಕ್ರೀನ್‌ಸೇವರ್ ಏನನ್ನೂ ಉಳಿಸುವುದಿಲ್ಲ. ಗಾಜಿನ ಮಾನಿಟರ್ ಇನ್ನೂ ಇದ್ದರೆ ಅದನ್ನೊಂದನ್ನೇ ಎಲ್‌ಇಡಿಗೆ ಬದಲಿಸಿ, 50 ವ್ಯಾಟಿನಷ್ಟು ಅಲ್ಲೇ ಇಳಿಯುತ್ತದೆ. ಬಳಸದ ಹಳೆಯ ಗ್ರಾಫಿಕ್ಸ್ ಕಾರ್ಡ್ ತೆಗೆಸಿ. ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ವಿದ್ಯುತ್ತು ಉಳಿಯುವುದು ಅಲ್ಪ, ಆದರೆ ಯಂತ್ರ ಚುರುಕಾಗಿ ಇನ್ನೂ ನಾಲ್ಕು ವರ್ಷ ಬರುತ್ತದೆ. ನಮ್ಮ ಎರೆಭೂಮಿಯ ಸಣ್ಣ ಧೂಳು ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಪಟ್ಟಿಗಳು) ಸಂದುಗಳಲ್ಲಿ ಕುಳಿತು ಫ್ಯಾನು ಬೊಬ್ಬಿಡತೊಡಗುತ್ತದೆ. ವರ್ಷಕ್ಕೆರಡು ಸಲ ಬ್ಲೋವರ್ ಹಿಡಿಸಿದರೆ ಸಾಕು.

ಎಂಟನೆಯ ಹಂತ: ಕೊಳ್ಳುವುದೇ ಆದರೆ

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ಬಹಳಷ್ಟನ್ನು ಹೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಯು ಎಂದರೆ 15 ವ್ಯಾಟಿನ ವರ್ಗ, ಎಚ್ ಎಂದರೆ 28ರಿಂದ 45, ಎಚ್‌ಎಕ್ಸ್ ಎಂದರೆ 55. ಡೆಸ್ಕ್‌ಟಾಪಿನಲ್ಲಿ ಟಿ ಎಂದರೆ 35, ಕೆ ಎಂದರೆ 125. 2023ರಲ್ಲಿ ಬಂದ ಎನ್100 ಆರೇ ವ್ಯಾಟಿನ ವರ್ಗದ್ದು. ಟೈಪಿಂಗ್, ಬ್ರೌಸಿಂಗ್, ಮಕ್ಕಳ ಆನ್‌ಲೈನ್ ಪಾಠಕ್ಕೆ ಅದು ಸಾಕು. ಈ ವ್ಯಾಟುಗಳು ವರ್ಗಸೂಚಕ ಮಾತ್ರ, ಕೆಲಹೊತ್ತು ಇವನ್ನು ಮೀರಿ ಓಡುವುದುಂಟು. ಅಕ್ಷರಗಳ ಗೊಂದಲ ಬೇಡವೆಂದರೆ ಚಾರ್ಜರ್ ನೋಡಿ: 45 ಅಥವಾ 65 ವ್ಯಾಟಿನದಾದರೆ ಹಗುರ ಯಂತ್ರ, 180 ಅಥವಾ 240 ಆದರೆ ಬೇಸಿಗೆಯಲ್ಲಿ ಅದರ ಪಕ್ಕ ಕುಳಿತುಕೊಳ್ಳಲು ಸಿದ್ಧರಾಗಿರಿ.

ಮನೆಯ ಹೊರಗಿನ ಲೆಕ್ಕವೂ ಒಂದಿದೆ. ಒಂದು ಲ್ಯಾಪ್‌ಟಾಪ್ ತಯಾರಾಗುವಾಗಲೇ ಸಾಮಾನ್ಯವಾಗಿ 200 ಕೆ.ಜಿ.ಗೂ ಮೇಲ್ಪಟ್ಟು ಇಂಗಾಲಾನಿಲ ಹೊರಬಿದ್ದಿರುತ್ತದೆ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಸರಾಸರಿ ಒಂದು ಯೂನಿಟ್ಟಿಗೆ 0.7 ಕೆ.ಜಿ.ಯಷ್ಟು ಹೊರಬೀಳುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಕೇಂದ್ರದಂಥ ಕಲ್ಲಿದ್ದಲು ಸ್ಥಾವರದ ಯೂನಿಟ್ಟಿಗೆ ಇದಕ್ಕಿಂತ ಹೆಚ್ಚು. ತಿಂಗಳಿಗೆ 24 ಯೂನಿಟ್ ಉಳಿಸುವ ಡೆಸ್ಕ್‌ಟಾಪ್ ಬದಲಾವಣೆ ತಯಾರಿಕೆಯ ಈ ಇಂಗಾಲದ ಸಾಲವನ್ನು ಒಂದೆರಡು ವರ್ಷದಲ್ಲಿ ತೀರಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಬದಲು ಹೊಸ ಲ್ಯಾಪ್‌ಟಾಪ್ ತಂದು ತಿಂಗಳಿಗೆ ಎರಡು ಮೂರು ಯೂನಿಟ್ ಉಳಿಸಿದರೆ, ಸಾಲ ತೀರುವ ಮೊದಲೇ ಮತ್ತೊಂದು ಕೊಳ್ಳುವ ಹೊತ್ತು ಬಂದಿರುತ್ತದೆ.

ಕೊನೆಯದಾಗಿ, ಹಳೆಯ ಯಂತ್ರವನ್ನು ಮಕ್ಕಳ ಕೋಣೆಗೆ ಸಾಗಿಸಿದರೆ ಮೇಲೆ ಮಾಡಿದ ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಏಕೆಂದರೆ ಹಿಂದಿನ 29 ಯೂನಿಟ್ಟಿನ ಮೇಲೆ ಹೊಸ ಐದು ಸೇರುತ್ತದೆ. ಅದು ಇನ್ನೂ ಬಳಕೆಗೆ ಬರುವಂತಿದ್ದರೆ ದಿನಕ್ಕೆ ಒಂದೆರಡು ತಾಸು ಮಾತ್ರ ಹಚ್ಚುವವರಿಗೆ ಕೊಡಿ. ಕೆಟ್ಟಿದ್ದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಗಾಜಿನ ಮಾನಿಟರಿನಲ್ಲಿ ಸೀಸ ಇರುವುದರಿಂದ ಅದನ್ನು ಗುಜರಿಯವರ ಸುತ್ತಿಗೆಗೆ ಕೊಡಬೇಡಿ, ಮತ್ತು ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ.